ಬಾರ್ಬರಾ ಇಲ್ಲದ ಗೂಡು

ಸೋಮವಾರ ಬೆಳಿಗ್ಗೆ ಪಾಳಿಯವರು ಬಂದಾಗ ಉಕ್ಕಿನ ಕಾರ್ಖಾನೆಯ ಊದುಕುಲುಮೆ ಆರಿ ಸತ್ತಿತ್ತು. ವಾರದ ರಜೆಯಲ್ಲಿ ಯಾರೋ ಅದಕ್ಕೆ ಗಾಳಿ ಊದುವ ಯಂತ್ರಗಳನ್ನು ಮುರಿದಿದ್ದರು. ಒಳಗಿನ ಕಬ್ಬಿಣ ಕಲ್ಲಾಗಿತ್ತು. ಹಾಗೆ ಹೆಪ್ಪುಗಟ್ಟಿದ ಕುಲುಮೆ ಮತ್ತೆ ಏಳುವುದಿಲ್ಲ. ಉಕ್ಕಿಗೆ ಹೆಸರಾದ ರೂರ್ ಸೀಮೆಯ ಆ ಊರಿಗೆ ಉಳಿದಿದ್ದು ಅದೊಂದೇ ಕುಲುಮೆ.

"ಚೀನಾದವರ ಕೆಲಸ," ಎಂದ ಮ್ಯಾನೇಜರ್ ಎಂಗೆಲ್‌ಹಾರ್ಟ್. "ಹೋದ ವಾರ ಬಂದು ಮೂಲೆಮೂಲೆ ಫೋಟೋ ಹೊಡ್ಕೊಂಡು ಹೋದ್ರು."

"ಅವರ ಉಕ್ಕು ಅರ್ಧ ಬೆಲೆಗೆ ಬರುತ್ತೆ. ಸತ್ತ ಹಾವನ್ನ ಯಾಕೆ ಹೊಡೀತಾರೆ?" ಎಂದಳು ಇನ್ಸ್‌ಪೆಕ್ಟರ್ ಗುಡ್ರುನ್ ಪಿಯೊಂಟೆಕ್.

"ಹಾಗಾದ್ರೆ ಆ ಹೊಗೆ ವಿರೋಧಿ ಹುಡುಗರು!"

"ಅವರು ಶುಕ್ರವಾರದಿಂದ ನನ್ನ ಲಾಕಪ್ಪಲ್ಲಿದ್ದಾರೆ. ಪ್ರತಿಭಟನೆ ಅಂತ ನಿಮ್ಮ ಗೇಟಿಗೇ ಗೋಂದು ಹಾಕಿ ಕೈ ಅಂಟಿಸ್ಕೊಂಡಿದ್ರಲ್ಲ."

ಕುಲುಮೆಯೆದುರಿನ ಗೋಡೆಯ ಗೂಡು ಖಾಲಿಯಿತ್ತು. ಬೆಂಕಿ ಕೆಲಸದವರನ್ನು ಕಾಯುವ ಸಂತ ಬಾರ್ಬರಾಳ ಗಾರೆಗೊಂಬೆ ಅಲ್ಲಿರಬೇಕಿತ್ತು. ಗೊಂಬೆ ನಿಂತಿದ್ದ ಜಾಗವನ್ನು ಗುಡ್ರುನ್ ಬೆರಳಿಂದ ಸವರಿದಳು. ತೆಳ್ಳಗೆ ಮಸಿ ಹತ್ತಿತು. ಅವಳ ಮುಖ ಕಪ್ಪಿಟ್ಟಿತು.

*

ಗುಡ್ರುನ್ ನೇರ ಹೋದದ್ದು ಅಪ್ಪನ ಹಳೇ ಗೆಳೆಯ, ಕಾರ್ಮಿಕ ಮುಖಂಡ ಮಾನ್‌ಫ್ರೆಡ್ ಯಾಂಕೊವ್ಸ್ಕಿಯ ಅಡುಗೆಮನೆಗೆ. ಮೇಜಿನ ಮೇಲೆ ಕಾಫಿ ಕೆಟಲ್, ಪಕ್ಕದಲ್ಲೇ ಬಾರ್ಬರಾ. ಪುಣ್ಯಾತ್ಮ ಬಚ್ಚಿಟ್ಟಿರಲೂ ಇಲ್ಲ.

"ಮಾನಿ ಮಾಮ, ಆರಿಹೋಗೋ ಕುಲುಮೆ ಮುಂದೆ ಬಾರ್ಬರಾಳನ್ನ ಬಿಡಬಾರದು ಅಂತ ಅಪ್ಪ ಹೇಳ್ತಿದ್ರು," ಎಂದಳು.

"ನಿಮ್ಮಪ್ಪನ ಕುಲುಮೆ ಮುಚ್ಚಿದಾಗ ಇವಳನ್ನ ಈ ಕುಲುಮೆಗೆ ತಂದಿದ್ದು ನಾನೂ ಅವನೂ ಅಲ್ವಾ."

"ಕುಲುಮೆ ಸತ್ತ ಮೇಲೆ ಮಸಿ ಬೀಳಲ್ಲ. ಇವಳು ನಿಂತಿದ್ದ ಜಾಗದಲ್ಲೂ ಮಸಿ ಕೂತಿತ್ತು. ಅಂದ್ರೆ ಉರೀತಿರೋವಾಗ್ಲೇ ತೆಗೆದಿದ್ದಾರೆ. ಅದು ಆರುತ್ತೆ ಅಂತ ಗೊತ್ತಿದ್ದೋರೇ ತೆಗೆದಿದ್ದು."

ಮಾನಿ ಕಾಫಿ ಬಗ್ಗಿಸಿದ.

"ಬ್ರಸೆಲ್ಸ್‌ನ ಒಕ್ಕೂಟದೋರು ಹೊಗೆಗೆ ದಂಡ ಹಾಕಿದ್ರು. ಬರ್ಲಿನ್ ಸರ್ಕಾರದೋರು ಹೊಗೆ ಬಿಡದ ಜಲಜನಕದ ಹೊಸ ಕುಲುಮೆಗೆ ದುಡ್ಡು ಕೊಡ್ತೀವಿ ಅಂದ್ರು. ಕಂಪನಿ ಮಾತ್ರ ಹಳೇದು ಉರೀತಿರೋ ತನಕ ನಾಳೆ ಬಾ ಅಂತಾನೇ ಇತ್ತು. ಹಳೇದು ಸತ್ರೆ ಹೊಸದನ್ನ ಕಟ್ಟಲೇಬೇಕಲ್ಲ ಅಂದ್ಕೊಂಡೆ. ಮೂರು ಸಾವಿರ ಜನರ ಅನ್ನ ಕಣೇ. ನನ್ನ ಮಗಳೂ ಅಲ್ಲೇ ಕೆಲಸಕ್ಕಿರೋದು."

ಗುಡ್ರುನ್ ರೇಡಿಯೋ ಹಚ್ಚಿದಳು. ಮಧ್ಯಾಹ್ನದ ವಾರ್ತೆ. ಕುಲುಮೆ ನಾಶವಾದ ಕಾರಣ ಕಂಪನಿ ಹೊಸದನ್ನು ಕಟ್ಟುವ ಯೋಜನೆ ಕೈಬಿಟ್ಟಿದೆ, ಉಕ್ಕನ್ನು ಹೊರದೇಶದಿಂದ ತರಿಸಲಿದೆ, ಕಾರ್ಖಾನೆ ಮುಚ್ಚಲಿದೆ. ಕಂಪನಿಗೆ ಒಂದು ನೆವ ಬೇಕಿತ್ತು. ಮಾನಿಯೇ ಒದಗಿಸಿದ್ದ.

ಅವನು ರೇಡಿಯೋ ಆರಿಸಿದ. ಠಾಣೆಗೆ ಹೊರಡಲು ಎದ್ದು ಕೋಟು ತೊಟ್ಟ. ಬಾರ್ಬರಾಳನ್ನು ಒರೆಸಿ ಗುಡ್ರುನ್ ಕೈಗಿಟ್ಟ.

"ಇವಳನ್ನ ಉರಿಯೋ ಕುಲುಮೆ ಹತ್ರ ಬಿಟ್ಟುಬಿಡು, ಮಗಾ."

ಮಾನಿಯನ್ನು ಹಿಂದೆ ಕೂರಿಸಿ ಗುಡ್ರುನ್ ಗೊಂಬೆ ಹಿಡಿದುಕೊಂಡು ಜೀಪಿನಲ್ಲಿ ಕೂತಳು. ಎತ್ತ ಹೋಗಬೇಕೆಂದು ಡ್ರೈವರ್ ಕೇಳಿದ. ಊರಲ್ಲಿ ಉರಿಯುವ ಕುಲುಮೆ ಒಂದೂ ಉಳಿದಿರಲಿಲ್ಲ.