ನಾಲ್ಕು ಸಾವಿರನೆಯ ಮುಖಪುಟ

ಚೌಕಟ್ಟು ಗೋಡೆಯ ಮೇಲೇ ಇತ್ತು. ಒಳಗಿನ ಚಿತ್ರ ಇರಲಿಲ್ಲ.

ಡಂಡಿ ನಗರದ ಮಕ್ಕಳ ಚಿತ್ರಕಥಾ ವಾರಪತ್ರಿಕೆ ‘ರಂಪಸ್’ ತನ್ನ ನಾಲ್ಕು ಸಾವಿರನೆಯ ಸಂಚಿಕೆ ಹೊರತಂದಿತ್ತು. ಸಂಜೆ ಅದರ ಮುಖಪುಟದ ಮೂಲಚಿತ್ರದ ಪ್ರದರ್ಶನ. ಚೌಕಟ್ಟಿನ ಕೆಳಗಿನ ಫಲಕದಲ್ಲಿ, ಪತ್ರಿಕೆ ಹುಟ್ಟಿದ ಮೇಲೆ ಮೊದಲ ಸಲ, ಚಿತ್ರ ಬರೆದವನ ಹೆಸರು: ಡಾಡ್ ಕಿನ್ನಿಯರ್.

“ಅವನೇ ಕದ್ದಿರೋದು!” ಸಂಪಾದಕ ಲೋರಿಮರ್ ಕೂಗಾಡಿದ. “ನನ್ನ ಚಿತ್ರ ಮನೆಗೆ ಒಯ್ತೀನಿ ಅಂತ ನಿನ್ನೆ ಜಗಳ ತೆಗೆದ. ಈಗಲೇ ಅವನ ಹೆಸರು ಕಿತ್ತು ಬಿಸಾಕ್ತೀನಿ.”

“ಮೊದಲು ಬಾಯಿ ಮುಚ್ಚಿ ಕೂತ್ಕೊಳ್ಳಿ. ಕೀಳೋದು ಆಮೇಲೆ,” ಎಂದಳು ಪೊಲೀಸ್ ಸಾರ್ಜೆಂಟ್ ಐಲ್ಸಾ ಗೌರ್ಲೆ.

*

ಡಾಡ್ ಎಪ್ಪತ್ತು ದಾಟಿದ ಮುದುಕ. ಕಂಕುಳಲ್ಲಿ ಚೀಲ. ಐಲ್ಸಾ ಅದನ್ನು ಬಿಚ್ಚಿಸಿದಳು. ಒಳಗೆ ಮಾಂಸ ತುಂಬಿ ಬೇಯಿಸಿದ ಪೈ, ಇನ್ನೂ ಬಿಸಿ.

“ತಗೋ ಮಗಳೇ. ಕದ್ದ ಮಾಲಲ್ಲ.”

“ಜಗಳ ಯಾಕೆ ಆಡಿದ್ರಿ ತಾತ?”

“ಚಿತ್ರಕ್ಕೆ ಸಹಿ ಹಾಕೋ ಹಾಗಿಲ್ಲ, ಅದು ಇಲ್ಲಿಯ ಕಟ್ಟಳೆ. ಅದಕ್ಕೇ ಪ್ರತಿ ಮುಖಪುಟದಲ್ಲೂ ಒಂದು ಬಸವನಹುಳು ಅಡಗಿಸ್ತಿದ್ದೆ. ಅದೇ ನನ್ನ ಸಹಿ. ಈ ಸಲ ಹಬ್ಬ ಅಂತ ಅದಕ್ಕೊಂದು ಟೋಪಿ ಹಾಕಿದೆ. ಈ ಸಂಪಾದಕ ಮಹಾನುಭಾವ ಅಚ್ಚು ಹಾಕಿಸೋವಾಗ ಸಂಚಿಕೆ ಸಂಖ್ಯೆಯ ಪಟ್ಟಿನ ಅದರ ಮೇಲೇ ಕೂರಿಸಿದ್ದಾನೆ!”



*

ಹಳೆಯ ಸಂಚಿಕೆಗಳನ್ನು ಕೊಳ್ಳಲು ಲಂಡನ್ನಿನಿಂದ ಬಂದಿದ್ದ ವ್ಯಾಪಾರಿ ಫೆನ್ವಿಕ್ ಪಕ್ಕದ ಕೋಣೆಯಲ್ಲಿ ಅವನ್ನು ತನ್ನ ಪೆಟ್ಟಿಗೆಗೆ ತುಂಬುತ್ತಿದ್ದ.

“ಮೂಲಚಿತ್ರ ನೋಡಿದ್ರಾ?” ಐಲ್ಸಾ ಕೇಳಿದಳು.

“ಎಲ್ಲಿ ಮೇಡಂ! ಸಂಜೆ ನೋಡೋಣ ಅಂತಿದ್ದೆ. ಅಂಗಡೀಲಿ ಸಂಚಿಕೆ ಕೊಂಡು ನೋಡಿದ್ದಷ್ಟೆ.”

“ನಾನೂ ಕೊಂಡೆ. ಬಸವನಹುಳು ಸಿಗಲೇ ಇಲ್ಲ. ಚಿಕ್ಕಂದಿನಲ್ಲಿ ಅಣ್ಣನಿಗಿಂತ ಮೊದಲು ನಾನೇ ಹುಡುಕ್ತಿದ್ದೆ.”

ಫೆನ್ವಿಕ್ ನಕ್ಕ. “ಪೊಲೀಸರ ಕಣ್ಣು ಅಂದ್ರೆ ಇಷ್ಟೇನಾ? ಮೇಲಿನ ಮೂಲೇಲಿ ಕೆಂಪು ಟೋಪಿ ಹಾಕ್ಕೊಂಡು ಜಂಬದಿಂದ ಕೂತಿದೆಯಲ್ಲ!”

ಐಲ್ಸಾ ಸಂಚಿಕೆಯನ್ನು ಅವನ ಮುಂದೆ ಒಗೆದಳು. “ತೋರಿಸಿ.”

ಅವನ ಬೆರಳು ಮೂಲೆಗೆ ಹೋಯಿತು. ಅಲ್ಲೇ ನಿಂತಿತು. ಅಲ್ಲಿದ್ದದ್ದು ಹಳದಿ ಪಟ್ಟಿ, ಅದರ ಮೇಲೆ ೪೦೦೦.

“ಅಚ್ಚಾದ ಒಂದು ಪ್ರತಿಯಲ್ಲೂ ಆ ಹುಳು ಕಾಣಲ್ಲ. ಹುಳು, ಟೋಪಿ ಎರಡೂ ಇರೋದು ಮೂಲಚಿತ್ರದಲ್ಲಿ ಮಾತ್ರ. ಅದನ್ನ ನೋಡೇ ಇಲ್ಲ ಅಂದವರಿಗೆ ಟೋಪಿ ಬಣ್ಣ ಹೇಗೆ ಗೊತ್ತಾಯ್ತು? ಪೆಟ್ಟಿಗೆ ತೆಗೀರಿ!”

ಹಳೆಯ ಸಂಚಿಕೆಗಳ ಕೆಳಗೆ ಚಿತ್ರ ಬೋರಲಾಗಿ ಮಲಗಿತ್ತು.

*

ಸಂಜೆ ಲೋರಿಮರ್ ತನ್ನ ಕೈಯಾರೆ ಅದನ್ನು ಚೌಕಟ್ಟಿಗೆ ಸೇರಿಸಿದ.

ಡಾಡ್ ತನ್ನ ಹೆಸರಿನ ಫಲಕವನ್ನು ಅಂಗಿಯ ತೋಳಿನಿಂದ ಒರೆಸಿದ.

“ಕಳ್ಳನಾದ್ರೂ ಏನಂತೆ ಮಗಳೇ,” ಎಂದ. “ಈ ಸಲ ನನ್ನ ಸಹಿನ ಸರಿಯಾಗಿ ಓದಿದವನು ಅವನೊಬ್ಬನೇ.”