ಈಜದೆ ಸ್ನಾನ ಮಾಡಿದವಳು

"ಮೇಡಂ, ಒಂದ್ನಿಮಿಷ. ನಿಮ್ಮ ಕೂದಲು ಒದ್ದೆಯಾಗಿದೆ, ಈಜುಡುಗೆ ಮಾತ್ರ ಒಣಗೇ ಇದೆಯಲ್ಲ?"

ಡ್ರೈವರಮ್ಮ ನಿಂತಲ್ಲೇ ನಿಂತಳು. ಕೈಯಲ್ಲಿ ಟವೆಲ್ಲು, ಸೋಪಿನ ಡಬ್ಬಿ, ಮಡಿಸಿಟ್ಟ ಹಾಗೇ ಇದ್ದ ಈಜುಡುಗೆ. ಈಜುಕೊಳದ ಶವರ್ ರೂಮಿನಿಂದ ಆಚೆ ಬಂದು ಹತ್ತು ಹೆಜ್ಜೆ ಇಟ್ಟಿರಲಿಲ್ಲ, ಕೊರಳಿಗೆ ವಿಸಿಲ್ಲು ನೇತುಹಾಕಿಕೊಂಡ ಈ ಲೈಫ್‌ಗಾರ್ಡ್ ಅಡ್ಡ ಬಂದಿದ್ದ.

"ಟಿಕೆಟ್ ತಗೊಂಡಿದ್ದೀನಿ ರೀ."

"ಟಿಕೆಟ್ ಈಜೋಕೆ. ಬಿಸಿನೀರು ಈಜಿದವರಿಗೆ."

"ನಾನೂ ಈಜಿದೆ."

"ಬೆಳಗ್ಗೆ ಆರರಿಂದ ನೀರನ್ನೇ ನೋಡ್ತಾ ಕೂರೋದು ನನ್ನ ಕೆಲಸ. ನೀರಲ್ಲಿ ನೀವಿರಲಿಲ್ಲ."

"ಅಂದ್ರೆ ನನ್ನನ್ನೇ ಹುಡುಕ್ತಿದ್ರಾ?"

ಅವನ ಕಿವಿ ಕೆಂಪಾಯಿತು. ಆದರೂ ಜಾಗ ಬಿಟ್ಟು ಕದಲಲಿಲ್ಲ.

ಅವಳಿಗೆ ಪಿತ್ತ ನೆತ್ತಿಗೇರಿತು. ಒಂಬತ್ತು ವರ್ಷದಿಂದ ಸ್ಕೂಲ್ ಬಸ್ ಓಡಿಸುತ್ತಿದ್ದಾಳೆ. ಡ್ರೈವರಮ್ಮ ಅನ್ನುವುದು ಮಕ್ಕಳು ಇಟ್ಟ ಹೆಸರು. ಬಸ್ಸು ನಿಲ್ಲುವ ಮುಂಚೆ ಸೀಟು ಬಿಟ್ಟೆದ್ದ ಮಗುವನ್ನು ಅವಳು ಕನ್ನಡಿಯಲ್ಲಿ ದಿಟ್ಟಿಸಿಯೇ ಕೂರಿಸಬಲ್ಲಳು. ಅಂಥವಳಿಗೆ ಇವನು ರೂಲ್ಸ್ ಹೇಳುವುದೇ!

ರಜೆಗೆಂದು ಸೋದರತ್ತೆಯನ್ನು ಕರೆದುಕೊಂಡು ಈ ದೊಡ್ಡ ಊರಿಗೆ ಬಂದಿದ್ದಳು. ಬ್ರೆಡ್ ಸಾಗಿಸುತ್ತಿದ್ದ ಹಳೇ ಗಾಡಿಯೊಂದನ್ನು ಕೊಂಡು, ಒಳಗೆ ಹಾಸಿಗೆ, ಸ್ಟವ್, ಪರದೆ ಕೂರಿಸಿ ಕ್ಯಾಂಪರ್‌ವ್ಯಾನ್ ಮಾಡಿಕೊಂಡಿದ್ದರು. ಇಲ್ಲಿಯ ಹೋಟೆಲುಗಳು ಇವರ ಕೈಗೆಟುಕುವಂಥವಲ್ಲ. ವ್ಯಾನಿನಲ್ಲೇ ಅಡುಗೆ, ವ್ಯಾನಿನಲ್ಲೇ ನಿದ್ದೆ. ಸ್ನಾನಕ್ಕೊಂದು ದಾರಿ ಬೇಕಿತ್ತು. ಊರಲ್ಲೆಲ್ಲ ಅಗ್ಗದ ಬಿಸಿನೀರು ಸಾರ್ವಜನಿಕ ಈಜುಕೊಳದಲ್ಲಿ ಸಿಗುತ್ತದೆಂದು ಅತ್ತೆಯೇ ಪತ್ತೆ ಹಚ್ಚಿದ್ದು. ಆ ಅತ್ತೆ ಈಗ ಕೊಳದಲ್ಲಿ ಆರಾಮಾಗಿ ಈಜುತ್ತ ಈ ಜಗಳವನ್ನು ಸವಿಯುತ್ತಿದ್ದಳು.

"ನಾಳೆಯಿಂದ ನೀರಿಗಿಳಿದು ಆಮೇಲೆ ಸ್ನಾನ ಮಾಡಿ. ಕುತ್ತಿಗೆವರೆಗೆ ಇಳಿದ್ರೂ ಸಾಕು," ಎಂದ ಲೈಫ್‌ಗಾರ್ಡ್.

"ನನಗೆ ಈಜು ಬರಲ್ಲ ಕಣ್ರೀ!"

ಇಡೀ ಕೊಳಕ್ಕೆ ಕೇಳಿಸಿತು. ಅವನು ಮಾತ್ರ ದನಿ ತಗ್ಗಿಸಿದ. "ಮೊದಲೇ ಹೇಳಬಾರದಿತ್ತಾ? ಹತ್ತು ಗಂಟೆಗೆ ನನ್ನ ಜಾಗಕ್ಕೆ ಇನ್ನೊಬ್ಬ ಬರ್ತಾನೆ. ಆಗ ಬನ್ನಿ, ಹೇಳಿಕೊಡ್ತೀನಿ."

ಮಾರನೇ ದಿನ ಅವಳು ಹೋದದ್ದು ಕಲಿಯುವುದಕ್ಕಲ್ಲ, ಅವನಿಗೆ ಬುದ್ಧಿ ಕಲಿಸುವುದಕ್ಕೆ. ನೀರಿಗಿಳಿದು ಎರಡೂ ಕೈಯಲ್ಲಿ ಗೋಡೆಯನ್ನು ಅವುಚಿಕೊಂಡು, "ಇಳಿದಿದ್ದೀನಿ. ಸರ್ಕಾರಕ್ಕೆ ಸಮಾಧಾನ ಆಯ್ತಾ?" ಎಂದಳು.

"ಗೋಡೆ ಬಿಡಿ."

"ಬಿಡಲ್ಲ. ಗೋಡೆ ನಿಮ್ಮಪ್ಪನದಾ?"

"ಅಲ್ಲ. ಆದ್ರೆ ನೀವು ಅವುಚಿಕೊಂಡಿರೋದು ನೋಡಿ ಅದರ ಮೇಲೆ ಹೊಟ್ಟೆಕಿಚ್ಚಾಗ್ತಿದೆ."

ಅವಳಿಗೆ ನಗು ಬಂತು. ನಗು ಬಂದದ್ದಕ್ಕೆ ಇನ್ನಷ್ಟು ಸಿಟ್ಟು ಬಂತು.

ಬುಧವಾರ ಒಂದು ಕೈ ಬಿಟ್ಟಳು. ಡ್ಯೂಟಿ ಮುಗಿದ ಮೇಲೆ ಅವನು ದುಡ್ಡಿಲ್ಲದೆ ಊರು ನೋಡುವ ದಾರಿಗಳನ್ನೆಲ್ಲ ತೋರಿಸಿದ. ಲೈಬ್ರರಿಯ ತಾರಸಿಯಿಂದ ನದಿ ಕಾಣುತ್ತಿತ್ತು. ಮ್ಯೂಸಿಯಂ ಗುರುವಾರ ಮಧ್ಯಾಹ್ನ ಪುಕ್ಕಟೆ. ದಿನಕ್ಕೆ ಮೂವತ್ತು ಸುತ್ತು ಈಜುವ ಅತ್ತೆ, ಇವರಿಬ್ಬರೂ ಹೊರಟಾಗಲೆಲ್ಲ ಮಂಡಿನೋವೆಂದು ವ್ಯಾನಿನಲ್ಲೇ ಉಳಿದಳು. ಲೈಬ್ರರಿ ಮೆಟ್ಟಿಲಲ್ಲಿ ಅವನು ಅವಳ ಪಕ್ಕ ಕೂತಾಗ ಕ್ಲೋರಿನ್ ವಾಸನೆ ಬರುತ್ತಿತ್ತು. ಆ ವಾಸನೆಯೂ ಇಷ್ಟವಾಗತೊಡಗಿತಲ್ಲ ಎಂದು ಅವಳು ತನ್ನನ್ನೇ ಬೈದುಕೊಂಡಳು.

ಶುಕ್ರವಾರ ಅವನ ಅಂಗೈ ಅವಳ ಬೆನ್ನ ಕೆಳಗಿತ್ತು. "ಚಾವಣಿ ನೋಡಿ. ಉಸಿರು ಬಿಡಿ." ಅವಳು ಬಿಟ್ಟಳು. ಕಿವಿಗೆ ನೀರು ತುಂಬಿ ಲೋಕದ ಸದ್ದೆಲ್ಲ ಅಡಗಿತು. ಸ್ವಲ್ಪ ಹೊತ್ತಾದ ಮೇಲೆ ಕತ್ತು ತಿರುಗಿಸಿದರೆ ಅವನು ಎರಡೂ ಕೈ ಮೇಲೆತ್ತಿ ನಿಂತಿದ್ದಾನೆ! ಅವಳು ತಾನಾಗಿಯೇ ತೇಲುತ್ತಿದ್ದಳು. ಅವನನ್ನು ಪ್ರೀತಿಸುತ್ತಿದ್ದೇನೆಂದು ಅವಳಿಗೆ ಆಗಲೇ ತಿಳಿಯಿತು. ನಾಳೆ ಹೊರಡಬೇಕೆನ್ನುವುದೂ ಅದರ ಜೊತೆಯಲ್ಲೇ ನೆನಪಾಯಿತು.

ಶನಿವಾರ ಬೆಳಗ್ಗೆ ಟಿಕೆಟ್ ಕೌಂಟರಿನ ಗಾಜಿನ ಮೇಲೆ ಹೊಸ ನೋಟಿಸು ಅಂಟಿತ್ತು. "ಈ ನಗರದಲ್ಲಿ ವಿಳಾಸವಿಲ್ಲದ, ವಾಹನಗಳಲ್ಲಿ ತಂಗುವವರಿಗೆ ಟಿಕೆಟ್ ಇಲ್ಲ."

ಅವಳು ಎರಡು ಸಲ ಓದಿದಳು. ಮೈಯೆಲ್ಲ ಉರಿದುಹೋಯಿತು. "ನಾವೇನು ಕಳ್ಳರಾ?" ಎಂದು ಕೌಂಟರಿನಾಕೆಯನ್ನು ಕೇಳಿದಳು.

"ಮ್ಯಾನೇಜರ್ ಹಾಕಿಸಿದ್ದಮ್ಮ. ಡ್ಯೂಟಿ ರಿಜಿಸ್ಟರಲ್ಲಿ ಯಾರೋ ಬರೆದಿದ್ರಂತೆ, ಬಿಳಿ ವ್ಯಾನಿನ ಹೆಂಗಸು ಈಜದೆ ಶವರ್ ಬಳಸ್ತಾಳೆ ಅಂತ."

ಒಳಗಿಂದ ಲೈಫ್‌ಗಾರ್ಡ್ ಬಂದ. ಮುಖ ನೋಡಿದರೆ ಇಡೀ ರಾತ್ರಿ ಮಲಗಿದವನ ಹಾಗಿರಲಿಲ್ಲ.

"ನಾನೇ ಬರೆದದ್ದು. ಸೋಮವಾರ," ಎಂದ. "ಗುರುವಾರ ಮ್ಯಾನೇಜರ್ ಹತ್ರ ಹೋಗಿ ಅದನ್ನ ಹೊಡೆದುಹಾಕಿ ಅಂತ ಕೇಳಿದೆ. ಬರೆದದ್ದು ಬರೆದದ್ದೇ ಅಂದ್ರು."

"ನನಗ್ಯಾಕೆ ಹೇಳ್ಲಿಲ್ಲ?"

"ನಿನ್ನೆ ಹೇಳೋಣ ಅಂತಲೇ ಬಂದೆ. ಅಷ್ಟರಲ್ಲಿ ನೀವು ಗೋಡೆ ಬಿಟ್ರಿ."

"ಅದನ್ನೆಲ್ಲ ಹೊಟ್ಟೆಯಲ್ಲಿಟ್ಕೊಂಡು ನನ್ನ ಬೆನ್ನಿಗೆ ಕೈ ಕೊಟ್ರಾ? ನಿಮ್ಮನ್ನ ನಂಬಿ ಗೋಡೆ ಬಿಟ್ಟೆನಲ್ಲ ರೀ ನಾನು!"

ಉತ್ತರಕ್ಕೆ ಕಾಯದೆ, ಹಿಂದೆಯೇ ನಿಂತಿದ್ದ ಅತ್ತೆಯನ್ನು ಕರೆದುಕೊಂಡು ವ್ಯಾನ್ ಹತ್ತಿದಳು. ಬಾಗಿಲು ಹಾಕಿಕೊಂಡ ರಭಸಕ್ಕೆ ಒಳಗಿನ ತಟ್ಟೆ ಲೋಟವೆಲ್ಲ ಗಲಗಲ ಅಂದವು.

ನಾಲ್ಕನೇ ಸಿಗ್ನಲ್‌ನಲ್ಲಿ ಅತ್ತೆ, "ಗೇರಿನ ಮೇಲ್ಯಾಕೆ ಸಿಟ್ಟು ತೀರಿಸ್ತೀಯೇ? ಪಾಪ, ಅದೇನು ಮಾಡ್ತು?" ಎಂದಳು.

"ಬರೆದದ್ದಕ್ಕಲ್ಲ ಅತ್ತೆ. ಅವನ ಕೆಲಸ ಅವನು ಮಾಡ್ದ. ನಾನಾಗಿದ್ರೂ ಬರೀತಿದ್ದೆ. ಹೇಳದೆ ಮುಚ್ಚಿಟ್ಟ ನೋಡು, ಅದಕ್ಕೆ."

"ಹೌದೌದು. ನೀನು ಮನಸ್ಸಲ್ಲಿರೋದನ್ನೆಲ್ಲ ಬಿಚ್ಚಿ ಹೇಳಿಬಿಟ್ಟಿದ್ದೀಯಲ್ಲ ಅವನಿಗೆ."

ಸಿಗ್ನಲ್ ಹಸಿರಾಯಿತು. ಹಿಂದಿನವರು ಹಾರ್ನ್ ಹೊಡೆದರು. ಡ್ರೈವರಮ್ಮ ಹಲ್ಲು ಕಚ್ಚಿ ಸ್ಟೀರಿಂಗ್ ತಿರುಗಿಸಿದಳು. ಅಷ್ಟುದ್ದದ ವ್ಯಾನು ಬಂದ ದಾರಿಗೇ ಹೊರಳಿತು.

ಕೌಂಟರಿನ ಮುಂದೆ ನಿಂತು, "ದೂರು ಕೊಡಬೇಕು. ಫಾರಂ ಕೊಡಿ," ಎಂದಳು.

ಲೈಫ್‌ಗಾರ್ಡ್ ಕಂಬದ ಪಕ್ಕ ನಿಂತಿದ್ದ. ಅವಳು ಅವನತ್ತ ನೋಡದೆ, ಕಾಗದ ಹರಿಯುವಷ್ಟು ಒತ್ತಿ ಬರೆದಳು. ಯಾರ ಮೇಲೆ: ಲೈಫ್‌ಗಾರ್ಡ್ ಮೇಲೆ. ಏನು ತಪ್ಪು: ಸೋಮವಾರ ನಾನು ಈಜದೆ ಇದ್ದದ್ದನ್ನು ಬರೆದ. ಶುಕ್ರವಾರ ನಾನು ತೇಲಿದ್ದನ್ನು ಬರೆಯಲಿಲ್ಲ.

ಅವನು ಹತ್ತಿರ ಬಂದು ಓದಿದ. "ಶುಕ್ರವಾರದ್ದು ಬರೆಯೋ ಹಾಗಿರಲಿಲ್ಲ."

"ಯಾಕೆ? ಪೆನ್ನಲ್ಲಿ ಇಂಕಿರಲಿಲ್ವಾ?"

"ಬರೆದ್ರೆ ಪೂರ್ತಿ ಬರೀಬೇಕಲ್ಲ. ನೀವು ಹೊರಟುಹೋದ್ಮೇಲೆ ಈ ಕೊಳದ ಮುಂದೆ ಹೇಗೆ ಕೂರೋದು ಅಂತ ಯೋಚನೆ ಮಾಡ್ತಿದ್ದೆ. ಅದನ್ನ ಮ್ಯಾನೇಜರ್ ಓದಬೇಕಾ?"

ಅವಳ ಪೆನ್ನು ನಿಂತಿತು. ಕೋಪ ಇಳಿಯದಂತೆ ಹಿಡಿದಿಟ್ಟುಕೊಳ್ಳಲು ಬಹಳ ಪ್ರಯತ್ನಪಟ್ಟಳು. "ನಾನೂ ಅದನ್ನೇ ಯೋಚಿಸ್ತಿದ್ದೆ," ಎಂದಳು, ಬೈಯುವ ದನಿಯಲ್ಲೇ.

ಕೌಂಟರಿನಾಕೆ ಫಾರಂ ಎಳೆದುಕೊಂಡು ಕಣ್ಣಾಡಿಸಿದಳು. "ಇಲ್ಲಿಯ ವಿಳಾಸ ಬರೆದಿಲ್ಲವಲ್ಲ. ವಿಳಾಸ ಇಲ್ಲದಿದ್ರೆ ದೂರು ತಗೊಳ್ಳಲ್ಲ. ಹದಿನೈದು ದಿನದಲ್ಲಿ ಉತ್ತರ ಕಳಿಸೋದು ಎಲ್ಲಿಗೆ?"

"ನೋಡಿದ್ರಾ ಅನ್ಯಾಯ!" ಡ್ರೈವರಮ್ಮ ಪೆನ್ನನ್ನು ಕೌಂಟರಿನ ಮೇಲೆ ಕುಕ್ಕಿದಳು. "ಬೈಯೋಕೂ ನಮಗೆ ಹಕ್ಕಿಲ್ಲ!"

"ನನ್ನ ಮನೆ ವಿಳಾಸ ಬರೀರಿ," ಎಂದ ಅವನು. "ಐದನೇ ಕ್ರಾಸ್, ಹನ್ನೊಂದನೇ ನಂಬರು, ಮೇಲಿನ ಮಹಡಿ. ಉತ್ತರ ಅಲ್ಲಿಗೆ ಬರಲಿ. ತಗೊಳ್ಳೋಕೆ ನೀವು ಬರಬೇಕು, ಅಷ್ಟೇ."

ಕೌಂಟರಿನಾಕೆ ಅವನನ್ನೊಮ್ಮೆ, ಅವಳನ್ನೊಮ್ಮೆ ನೋಡಿ ಫಾರಂ ಹಿಂದಕ್ಕೆ ತಳ್ಳಿದಳು.

ಡ್ರೈವರಮ್ಮ ವಿಳಾಸವನ್ನು ಗುಂಡಗೆ, ನಿಧಾನವಾಗಿ ಬರೆದಳು. ಬರೆದು ಮುಗಿಸಿ ಕತ್ತೆತ್ತಿದಳು. "ಹದಿನೈದು ದಿನವೆಲ್ಲ ಕಾಯೋಕಾಗಲ್ಲ. ಬರೋ ಶನಿವಾರವೇ ಬರ್ತೀನಿ. ನಿಮ್ಮ ಮನೆ ಮುಂದೆ ವ್ಯಾನ್ ನಿಲ್ಲಿಸೋಕೆ ಜಾಗ ಇದೆಯೋ, ಅದಕ್ಕೂ ನೋಟಿಸ್ ಅಂಟಿಸಿದ್ದೀರೋ?"