ಎಂಜಿನ್ ನಿಂತಾಗ ಕೇಳಿಸಿದ ಮಾತು

“ನಿನ್ನ ಕೂರಿಸಿದ್ದು ನೀರು ನೋಡೋಕೆ, ನನ್ನ ಮುಖ ನೋಡೋಕಲ್ಲ,” ಎಂಜಿನ್ ಸದ್ದಿನ ಮೇಲೆ ಕೆಫು ಕೂಗಿದ.

“ಎರಡೂ ಒಂದೇ ಕಡೆ ಇವೆ. ನಾನೇನು ಮಾಡಲಿ?” ಲೋಸೇಲಿ ಕೂಗಿದಳು.

ಅವಳು ಹೇಳಿದ್ದು ನಿಜ. ದೋಣಿಯ ಹಿಂಬದಿಗೆ ಕಟ್ಟಿದ ಮೋಟಾರಿನ ಪಕ್ಕದಲ್ಲಿ ಒಂದು ಸಣ್ಣ ತೂತು. ಎಂಜಿನ್ ತಣ್ಣಗಿಡಲು ಒಳಗೆ ಸುತ್ತಿ ಬಂದ ಸಮುದ್ರದ ನೀರು ಅಲ್ಲಿಂದ ಚಿಮ್ಮುತ್ತಿರಬೇಕು. ಆ ನೀರು ನಿಂತರೆ ಎಂಜಿನ್ ಸುಟ್ಟಂತೆ. ಕಡಲಡಿಯ ಜ್ವಾಲಾಮುಖಿ ಉಗುಳಿದ ತೇಲುಗಲ್ಲು ಆ ತಿಂಗಳು ವವಾಊ ದ್ವೀಪಗಳ ನಡುವೆಲ್ಲ ಹರಡಿತ್ತು; ಅದರ ಚೂರು ಹೊಕ್ಕರೆ ನೀರಿನ ದಾರಿ ಕಟ್ಟಿಕೊಳ್ಳುತ್ತಿತ್ತು. ಮೋಟಾರು ಹಿಡಿದ ಕೆಫು ಮುಂದೆ ನೋಡಬೇಕು, ಲೋಸೇಲಿ ಆ ನೀರನ್ನು ಕಾಯಬೇಕು.

ದೋಣಿಯ ಮುಂತುದಿಯಲ್ಲಿ ಬೆನ್ನು ಹಾಕಿ ಕೂತಿದ್ದವನು ಅವಳ ಅಣ್ಣ ತಾನಿಯೇಲ. ಆ ದ್ವೀಪಗಳ ರೂಢಿಯಲ್ಲಿ ತಂಗಿಯ ಪ್ರೇಮದ ಮಾತು ಅಣ್ಣನ ಕಿವಿಗೆ ಬೀಳಕೂಡದು. ಮನೆಯಲ್ಲಾದರೆ ಅಂಥ ಮಾತು ಬಂದಾಗ ಅಣ್ಣನೇ ಎದ್ದು ಹೊರಗೆ ಹೋಗುತ್ತಾನೆ. ಲೋಸೇಲಿಗೂ ಕೆಫುವಿಗೂ ಇಷ್ಟು ದಿನ ಮರೆಯಾಗಿದ್ದದ್ದು ಎಂಜಿನ್ ಸದ್ದೊಂದೇ.

ಅದೂ ಇವತ್ತಿಗೆ ಮುಗಿಯುವುದಿತ್ತು. ನೇಯಾಫುವಿನ ಬಂದರುಕಟ್ಟೆಯಲ್ಲಿ ಲೋಸೇಲಿಯ ಸೋದರತ್ತೆ ಕಾಯುತ್ತಿದ್ದಳು. ಮಧ್ಯಾಹ್ನದ ಹಡಗಿನಲ್ಲಿ ಅವಳನ್ನು ರಾಜಧಾನಿ ನುಕುಅಲೋಫಾಗೆ ಕರೆದೊಯ್ದು, ತಾನೇ ಗೊತ್ತುಮಾಡಿದ ಗಂಡಿಗೆ ಮದುವೆ ಮಾಡುವವಳಿದ್ದಳು. ಅವಳ ಮಾತಿಗೆ ಲೋಸೇಲಿಯ ಅಪ್ಪನೂ ಎದುರಾಡುವುದಿಲ್ಲ.

“ಗಂಡು ಹೇಗಿದ್ದಾನೆ?” ಕೆಫು ಕೇಳಿದ. ಕಣ್ಣು ಸಮುದ್ರದ ಮೇಲೆ. ಕಿವಿ ಮಾತ್ರ ಕೆಂಪು.

“ಫೋಟೋದಲ್ಲಿ ಹಲ್ಲು ಚೆನ್ನಾಗಿದೆ.”

“ಹಾಗಾದ್ರೆ ಸುಖವಾಗಿರು.”

ಅವಳಿಗೆ ರೇಗಿತು. ನೀರು ಮರೆತೇಹೋಯಿತು. “ಲೋ ದಡ್ಡ! ಆ ಹಲ್ಲಿನವನನ್ನ ನಾನು ಕಟ್ಟಿಕೊಳ್ಳಲ್ಲ. ಕಟ್ಟಿಕೊಂಡ್ರೆ—”

ನೀರು ನಿಂತ ಮೋಟಾರು ಕೀ ಎಂದು ಕಿರುಚಿತು. ಕೆಫು ತಟ್ಟನೆ ಎಂಜಿನ್ ಆರಿಸಿದ.

“—ನಿನ್ನನ್ನೇ!”

ಸದ್ದಡಗಿದ ದೋಣಿಯಲ್ಲಿ ಆ ಒಂದು ಮಾತು ಮುಂತುದಿಯವರೆಗೂ ಕೇಳಿಸಿತು. ತಾನಿಯೇಲನ ಬೆನ್ನು ಸೆಟೆದುಕೊಂಡಿತು.

ಲೋಸೇಲಿ ನಾಲಿಗೆ ಕಚ್ಚಿಕೊಳ್ಳಲಿಲ್ಲ. “ಹೌದು, ನಿನ್ನನ್ನೇ,” ಎಂದಳು ಇನ್ನೊಮ್ಮೆ, ಇನ್ನೂ ಸ್ಪಷ್ಟವಾಗಿ.

ತಾನಿಯೇಲ ಎದ್ದ. ತಿರುಗಿ ನೋಡಲಿಲ್ಲ. ಹಿರಿಯರನ್ನು ಕಾಣಲು ಮರ್ಯಾದೆಗೆಂದು ಸೊಂಟಕ್ಕೆ ಸುತ್ತಿದ್ದ ಚಾಪೆ ಬಿಚ್ಚಿ, ಮಡಿಸಿ, ಒಣಜಾಗದಲ್ಲಿ ಇಟ್ಟು ಸಮುದ್ರಕ್ಕೆ ಹಾರಿದ. ದೋಣಿಯಲ್ಲಿ ಎದ್ದು ಹೊರಗೆ ಹೋಗಲು ಬೇರೆ ದಾರಿ ಇರಲಿಲ್ಲ.

ಕೆಫು ಮೋಟಾರು ಮೇಲಕ್ಕೆತ್ತಿದ. ನೀರೆಳೆಯುವ ಜಾಲರಿಯಲ್ಲಿ ಕಲ್ಲಿನ ಚೂರು ಸಿಕ್ಕಿಕೊಂಡಿತ್ತು. ಚಾಕುವಿನಿಂದ ಕೆರೆಯುತ್ತ ಮೆಲ್ಲಗೆ ಹೇಳಿದ, “ಹೀಗೇ ಬಿಟ್ಟುಬಿಡ್ಲಾ? ಹಡಗು ತಪ್ಪುತ್ತೆ. ನಿನ್ನ ಯಾರೂ ಬೈಯಲ್ಲ.”

“ಮುಂದಿನ ವಾರ ಇನ್ನೊಂದು ಹಡಗು ಬರುತ್ತಲ್ಲ, ಆಗೇನು ಮಾಡ್ತೀಯ? ಮೋಟಾರು ಕೆಟ್ಟಿತು ಅಂತ ಉಳ್ಕೊಳ್ಳೋಳಲ್ಲ ನಾನು. ಒಲ್ಲೆ ಅಂತ ಅತ್ತೆ ಎದುರಿಗೇ ಹೇಳ್ತೀನಿ. ರಿಪೇರಿ ಮಾಡು.” ಅವನ ಕಡೆ ಬಗ್ಗಿ ಕೇಳಿದಳು, “ನೀನೇನೂ ಹೇಳಲ್ವಾ?”

ಕೆಫು ತೆಂಗಿನ ಗರಿಯ ಕಡ್ಡಿಯಿಂದ ತೂತು ಬಿಡಿಸುತ್ತಲೇ ಇದ್ದ.

“ಕೆಫು, ಆಯ್ತೇನೋ?” ದೂರದ ನೀರಿನಿಂದ ತಾನಿಯೇಲ ಕೂಗಿದ.

ಎಂಜಿನ್ ಶುರುವಾಯಿತು. ನೀರು ಮೊದಲು ತೊಟ್ಟಿಕ್ಕಿತು, ಕೆಮ್ಮಿತು, ಆಮೇಲೆ ನೇರವಾಗಿ ಚಿಮ್ಮಿತು. ತಾನಿಯೇಲ ಹತ್ತಿ, ಮತ್ತೆ ಬೆನ್ನು ಹಾಕಿ ಕೂತ. “ಬೇಗ ಬಿಡೋ,” ಎಂದ. “ಹಡಗು ಹೊರಡೋಕೆ ಮುಂಚೆ ಅತ್ತೆ ಸಿಗಬೇಕಲ್ಲ.”

ಕಟ್ಟೆಯ ಮೇಲೆ ಅತ್ತೆ ಚೀಲಕ್ಕೆ ಕೈ ಚಾಚಿದಳು. ಲೋಸೇಲಿ ಚೀಲ ಕೊಡಲಿಲ್ಲ.

“ಅತ್ತೆ, ನಾನು ಬರಲ್ಲ. ಇವನು ಕೆಫು. ನಾನು ಮದುವೆ ಆಗೋದು ಇವನನ್ನ.”

ಕಟ್ಟೆಯ ಜನ ತಿರುಗಿ ನೋಡಿದರು. ಅತ್ತೆ ಕೆಫುವನ್ನು ಕಾಲಿನಿಂದ ತಲೆಯವರೆಗೆ ಅಳೆದಳು. “ಅವಳಿಗಂತೂ ಬಾಯಿದೆ. ನಿನಗೆ?”

ಕೆಫು ಮೆಟ್ಟಿಲೇರಿ ಬಂದ. ಹಿರಿಯರ ಮುಂದೆ ಕೂರುವಂತೆ ಒದ್ದೆ ಸಿಮೆಂಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ, ತಲೆ ಬಗ್ಗಿಸಿದ.

“ಇವಳು ನನಗೆ ಬೇಕು, ಅಮ್ಮಾ. ನಾಳೆ ನಮ್ಮಪ್ಪನನ್ನ ಕರ್ಕೊಂಡು ಕೇಳೋಕೆ ಬರ್ತೀನಿ. ನೀವು ಆಗಲ್ಲ ಅಂದ್ರೆ ನಾಳಿದ್ದೂ ಬರ್ತೀನಿ.”

“ನಾಳಿದ್ದೂ ಆಗಲ್ಲ ಅಂತೀನಿ.”

“ಆಚೆನಾಳಿದ್ದು ಬರ್ತೀನಿ.”

ಲೋಸೇಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಅವನ ಪಕ್ಕದಲ್ಲೇ ಕೂತಳು. ಹಡಗು ಎರಡು ಸಲ ಕೂಗಿತು. ಇಬ್ಬರೂ ಏಳಲಿಲ್ಲ.